ಮಗಳು ಹುಟ್ಟಿದ ಮೇಲೆ ಅಪ್ಪ ನೆನಪಾಗುತ್ತಿದ್ದಾರೆ: ಕೃತಜ್ಞತೆಯೂ ಹಳೆಯ ನೋವೂ ಒಟ್ಟಿಗೇ ಎದ್ದಾಗ

ಪ್ರಶ್ನೆ: ನನಗೆ 35 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಏಳು ತಿಂಗಳ ಮಗಳಿದ್ದಾಳೆ. ಹೆಂಡತಿ ಬಾಣಂತನ ಮುಗಿಸಿಕೊಂಡು ಐದನೇ ತಿಂಗಳಿಗೆ ತವರಿನಿಂದ ಬಂದಳು. ಅಂದಿನಿಂದ ರಾತ್ರಿ ಮಗು ಅತ್ತರೆ ಎತ್ತಿಕೊಂಡು ಓಡಾಡುವುದು ನನ್ನ ಪಾಲಿಗೆ ಬಂದಿದೆ. ಒಂದು ರಾತ್ರಿ ಮಗುವಿಗೆ ಜ್ವರ ಬಂದಿತ್ತು. ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಾಗ ಇದ್ದಕ್ಕಿದ್ದಂತೆ ಅಪ್ಪ ನೆನಪಾಗಿ ಅಳು ಬಂತು. ಅವರು ಸಾಗರ ತಾಲ್ಲೂಕಿನಲ್ಲಿ ಕೆಇಬಿ ಲೈನ್‌ಮನ್ ಆಗಿದ್ದವರು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದಿದೆ ಎಂದು ಯಾರಾದರೂ ಬಾಗಿಲು ಬಡಿದರೆ ಎಷ್ಟು ಹೊತ್ತಿನಲ್ಲಾದರೂ ಟಾರ್ಚು ಹಿಡಿದು ಹೊರಡುತ್ತಿದ್ದರು. ನಾನು ಅವರೊಂದಿಗೆ ಮನಬಿಚ್ಚಿ ಮಾತನಾಡಿದ್ದೇ ಇಲ್ಲ. ಅವರಿಗೀಗ 68. ನಾನು ಕೃತಘ್ನನಾಗಿಬಿಟ್ಟೆ ಎಂಬ ಯೋಚನೆ ಬಿಡುತ್ತಿಲ್ಲ, ಮಗು ಮಲಗಿದ ಮೇಲೂ ನನಗೆ ನಿದ್ದೆ ಬರುತ್ತಿಲ್ಲ. ಹೋದ ತಿಂಗಳು ಫೋನಿನಲ್ಲಿ, ‘ಅಪ್ಪ, ನೀವು ನಮಗೋಸ್ಕರ ಎಷ್ಟು ಕಷ್ಟಪಟ್ಟಿರಿ ಅಂತ ಈಗ ಗೊತ್ತಾಗ್ತಿದೆ, ಕ್ಷಮಿಸಿ’ ಎಂದೆ. ಅವರು, ‘ಅದೆಲ್ಲ ಈಗ್ಯಾಕೆ, ತಗೋ ಅಮ್ಮಂಗೆ ಕೊಡ್ತೀನಿ’ ಎಂದು ಫೋನ್ ಅಮ್ಮನ ಕೈಗೆ ಕೊಟ್ಟುಬಿಟ್ಟರು. ಇನ್ನೊಂದು ಮಾತು. ಏಳನೇ ತರಗತಿಯಲ್ಲಿ ಗಣಿತದಲ್ಲಿ ಫೇಲಾದೆನೆಂದು ಅವರು ಬೆಲ್ಟಿನಿಂದ ಹೊಡೆದ ಗುರುತು ನನ್ನ ತೊಡೆಯ ಮೇಲೆ ಇನ್ನೂ ಇದೆ. ನನ್ನ ತಮ್ಮನಿಗೆ ನಾಲ್ಕು ವರ್ಷದ ಮಗನಿದ್ದಾನೆ. ಅವನು, ‘ಅಣ್ಣ, ಅದನ್ನೆಲ್ಲ ಮರೆತುಬಿಟ್ಯಾ? ನನಗಂತೂ ಮಗ ಹುಟ್ಟಿದ ಮೇಲೆ ಅವರ ಮೇಲಿನ ಸಿಟ್ಟು ಜಾಸ್ತಿಯಾಗಿದೆ’ ಎನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ? ಅಪ್ಪನನ್ನು ಮೈಸೂರಿಗೇ ಕರೆಸಿಕೊಳ್ಳಲೇ? ಏನು ಮಾಡಿದರೆ ಈ ಭಾರ ಇಳಿಯುತ್ತದೆ?

ಉತ್ತರ: ನೀವು ಕೇಳಿರುವುದರಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಅಪ್ಪನ ಬಗ್ಗೆ ಹಠಾತ್ತನೆ ಎದ್ದಿರುವ ಈ ಪಶ್ಚಾತ್ತಾಪ ಸಹಜವೇ ಎಂಬುದು ಒಂದು. ಅವರನ್ನು ಗೌರವಿಸಬೇಕಾದರೆ ಆ ಹೊಡೆತವನ್ನು ಮರೆಯಲೇಬೇಕೇ ಎಂಬುದು ಇನ್ನೊಂದು. ಮನಸ್ಸಿನಲ್ಲಿರುವುದನ್ನು ಅವರಿಗೆ ತಲುಪಿಸುವ ದಾರಿ ಯಾವುದು ಎಂಬುದು ಮೂರನೆಯದು. ಇವುಗಳಿಗೆ ಬರುವ ಮೊದಲು, ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿರುವ ನಿದ್ದೆಯ ವಿಷಯವನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆಪ್ತಸಲಹೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಇಂಥ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮಗು ಎಬ್ಬಿಸುವುದರಿಂದ ನಿದ್ದೆ ಕೆಡುವುದು ಬೇರೆ, ಮಗು ಮಲಗಿದ್ದರೂ ನಿದ್ದೆ ಹತ್ತದಿರುವುದು ಬೇರೆ. ಹೆರಿಗೆಯ ನಂತರದ ಖಿನ್ನತೆ ತಾಯಂದಿರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆಯಾದರೂ ಅದು ನಿಜವಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಪತ್ನಿಯ ಗರ್ಭಾವಸ್ಥೆಯಿಂದ ಹಿಡಿದು ಮಗುವಿಗೆ ಒಂದು ವರ್ಷ ತುಂಬುವವರೆಗಿನ ಅವಧಿಯಲ್ಲಿ ಸುಮಾರು ಶೇ. 10ರಷ್ಟು ತಂದೆಯರಲ್ಲಿ ಖಿನ್ನತೆ ಕಂಡುಬರುತ್ತದೆ. ಗಂಡಸರಲ್ಲಿ ಅದು ಅಳುವಿಗಿಂತ ಹೆಚ್ಚಾಗಿ ಸಿಡುಕು, ಕೆಲಸದಲ್ಲೇ ಮುಳುಗಿರುವುದು, ಕುಡಿತ, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬ ತೀರ್ಮಾನ, ಇಂಥ ವೇಷಗಳಲ್ಲಿ ಬರುವುದರಿಂದ ಮನೆಯವರಿಗೆ ಗುರುತೇ ಸಿಗುವುದಿಲ್ಲ. ‘ಕೃತಘ್ನ’ ಎಂಬ ನಿಮ್ಮ ಪದ ಅಪ್ಪನ ಮೇಲಿನ ಪ್ರೀತಿಯಿಂದಲೇ ಬಂದಿರಬಹುದು, ಕುಗ್ಗಿದ ಮನಸ್ಸಿನಿಂದಲೂ ಬಂದಿರಬಹುದು. ನಿದ್ದೆ ಬಾರದಿರುವುದು, ತಪ್ಪಿತಸ್ಥ ಭಾವ, ಯಾವುದರಲ್ಲೂ ರುಚಿ ಇಲ್ಲದಿರುವುದು ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಕಾಡುತ್ತಿದ್ದರೆ ಮನೋವೈದ್ಯರನ್ನು ಒಮ್ಮೆ ಕಾಣಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದಿದ್ದರೂ ಎರಡು ವಾರ ಕಾಯಬೇಡಿ, ಇವತ್ತೇ ಕರೆ ಮಾಡಿ, ಮತ್ತು ಪತ್ನಿಗೂ ತಿಳಿಸಿ.

ಇನ್ನು, ಅಪ್ಪ ಈಗಲೇ ಏಕೆ ನೆನಪಾಗುತ್ತಿದ್ದಾರೆ ಎಂಬುದಕ್ಕೆ ಬರೋಣ. ಮಗುವನ್ನು ಎತ್ತಿ ಆಡಿಸುವ ಗಂಡಸಿನ ದೇಹವೂ ಬದಲಾಗುತ್ತದೆ. ಫಿಲಿಪ್ಪೀನ್ಸ್‌ನ ಸೆಬು ಪ್ರದೇಶದಲ್ಲಿ 624 ಯುವಕರನ್ನು ಕೆಲವು ವರ್ಷಗಳ ಕಾಲ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ತಂದೆಯಾದವರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಗಣನೀಯವಾಗಿ ತಗ್ಗುತ್ತದೆಂದೂ, ಮಗುವಿನ ಆರೈಕೆಯಲ್ಲಿ ದಿನಕ್ಕೆ ಹೆಚ್ಚು ಹೊತ್ತು ತೊಡಗುವವರಲ್ಲಿ ಅದರ ಮಟ್ಟ ಇನ್ನೂ ಕಡಿಮೆ ಇರುತ್ತದೆಂದೂ ತೋರಿಸಿತು. ಇದರ ಜೊತೆಗೆ ನಿದ್ದೆಗೆಟ್ಟ ಮನಸ್ಸು ಭಾವನೆಗಳಿಗೆ ಬೇಗ ಒಡ್ಡಿಕೊಳ್ಳುತ್ತದೆ. ಹೀಗಿರುವಾಗ ನಡುರಾತ್ರಿ ಮಗುವನ್ನು ಹೊತ್ತು ನಿಂತಿದ್ದ ನಿಮಗೆ ಕಣ್ಣೀರು ಬಂದದ್ದರಲ್ಲಿ ವಿಚಿತ್ರವೇನಿಲ್ಲ.

ಇದಕ್ಕಿಂತ ಮುಖ್ಯವಾದ ಕಾರಣ ನೆನಪಿಗೆ ಸಂಬಂಧಿಸಿದ್ದು. ಸುಮಾರು ಮೂರು ವರ್ಷದೊಳಗೆ ನಡೆದ ಘಟನೆಗಳು ದೊಡ್ಡವರಾದ ಮೇಲೆ ಯಾರ ನೆನಪಿಗೂ ಬರುವುದಿಲ್ಲ, ಅದು ಮಿದುಳು ಬೆಳೆಯುವ ರೀತಿ. ನಿಮ್ಮನ್ನು ಯಾರು ಎತ್ತಿದರು, ಯಾರು ಉಣಿಸಿದರು, ಜ್ವರ ಬಂದಾಗ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಯಾರು ಕುಳಿತಿದ್ದರು ಎಂಬುದು ನಿಮ್ಮಲ್ಲಿ ಉಳಿದಿಲ್ಲ. ಉಳಿದಿರುವುದು ಶಾಲೆಗೆ ಹೋಗುವ ವಯಸ್ಸಿನಿಂದ ಈಚಿನ ಅಪ್ಪ, ಅಂದರೆ ಅಂಕಪಟ್ಟಿ ಕೇಳುವ, ಗದರಿಸುವ, ಹೊಡೆದ ಅಪ್ಪ. ತಂದೆತಾಯಿಯ ಆರೈಕೆಯಲ್ಲಿ ಅತಿ ಹೆಚ್ಚು ದುಡಿಮೆ ಬೇಡುವ ಭಾಗ ಮಗುವಿಗೆ ನೆನಪಿರದ ಭಾಗವೇ ಆಗಿರುತ್ತದೆ. ಮಗಳಿಗೆ ನೀವು ಈಗ ಮಾಡುತ್ತಿರುವ ಚಾಕರಿಯೂ ಅವಳ ನೆನಪಿನಲ್ಲಿ ಇರುವುದಿಲ್ಲ. ಅದು ನಿಮಗೆ ಅರಿವಾದ ಆ ರಾತ್ರಿಯೇ ಅಪ್ಪನ ಕಡೆಗೆ ಮನಸ್ಸು ಹರಿದಿದೆ ಎಂದು ನನಗೆ ತೋರುತ್ತದೆ.

ನಮ್ಮ ಹಿರಿಯರು ಸಿಟ್ಟಿನಲ್ಲಿ, ‘ನಿನಗೂ ಮಕ್ಕಳಾಗಲಿ, ಆಗ ತಿಳಿಯುತ್ತೆ’ ಎನ್ನುತ್ತಾರೆ. ಮಕ್ಕಳಾದರೆ ಹೆತ್ತವರು ತಾನಾಗಿ ಅರ್ಥವಾಗುತ್ತಾರೆ ಎಂಬ ಈ ನಂಬಿಕೆ ಅರ್ಧ ನಿಜ. ಚಿಕ್ಕಂದಿನಲ್ಲಿ ಪೆಟ್ಟು ತಿಂದ ಎಷ್ಟೋ ಮಂದಿಗೆ ತಮ್ಮ ಮಗು ತಾವು ಹೊಡೆತ ತಿಂದ ವಯಸ್ಸಿಗೆ ಬಂದಾಗ, ‘ಇಷ್ಟು ಚಿಕ್ಕದಿತ್ತಲ್ಲ ನನ್ನ ಕೈ, ಹೇಗಾದರೂ ಹೊಡೆದರು?’ ಎಂಬ ಸಿಟ್ಟು ಮೊದಲ ಸಲ ಏಳುತ್ತದೆ. ನಿಮ್ಮ ತಮ್ಮನಿಗೆ ಆಗಿರುವುದು ಅದೇ. ನೀವು ಏಳು ತಿಂಗಳ ಮಗುವನ್ನು ನೋಡುತ್ತಾ ಅಪ್ಪನ ದುಡಿಮೆಯನ್ನು ಕಾಣುತ್ತಿದ್ದೀರಿ, ಅವರು ನಾಲ್ಕು ವರ್ಷದ ಹುಡುಗನನ್ನು ನೋಡುತ್ತಾ ಅಪ್ಪನ ಕೈಯನ್ನು ಕಾಣುತ್ತಿದ್ದಾರೆ. ಇಬ್ಬರೂ ನೋಡುತ್ತಿರುವುದು ಒಬ್ಬ ಮನುಷ್ಯನನ್ನೇ, ಮತ್ತು ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಪಶ್ಚಾತ್ತಾಪದ ಭರದಲ್ಲಿ ಮಕ್ಕಳು ಎಂದೂ ಇರದಿದ್ದ ಅಪ್ಪನೊಬ್ಬನನ್ನು ಕಲ್ಪಿಸಿಕೊಳ್ಳುವುದುಂಟು. ನೀವು ಮಗಳನ್ನು ಎತ್ತಿ ಓಡಾಡುವಂತೆ ನಿಮ್ಮ ಅಪ್ಪನೂ ನಿಮ್ಮನ್ನು ಎತ್ತಿ ಓಡಾಡಿದ್ದರೇ? ಇರಬಹುದು, ಇಲ್ಲದೆಯೂ ಇರಬಹುದು. ಚೊಚ್ಚಲ ಹೆರಿಗೆ ಮತ್ತು ಬಾಣಂತನ ತವರಿನಲ್ಲಿ ಎಂಬ ಪದ್ಧತಿಯಿಂದಾಗಿ ನಮ್ಮಲ್ಲಿ ಬಹಳಷ್ಟು ಗಂಡಸರು ಮಗುವಿನ ಮೊದಲ ಮೂರು ಅಥವಾ ಐದು ತಿಂಗಳು ಅತಿಥಿಯಂತೆ ಬಂದು ನೋಡಿ ಹೋದವರು. ನಿಮಗೂ ಹಾಗೇ ಆಗಿದೆ. ಅದರ ಮೇಲೆ ಅವಿಭಕ್ತ ಕುಟುಂಬದ ಹಲವು ಮನೆಗಳಲ್ಲಿ ಅಪ್ಪ, ದೊಡ್ಡಪ್ಪಂದಿರ ಎದುರಿಗೆ ತನ್ನ ಮಗುವನ್ನು ತಾನೇ ಎತ್ತಿ ಮುದ್ದಾಡುವುದು ಮರ್ಯಾದೆಗೇಡು ಎಂದಿತ್ತು, ಅಣ್ಣನ ಮಗುವನ್ನು ಎತ್ತಬಹುದಿತ್ತು, ತನ್ನದನ್ನಲ್ಲ. ರಜೆಯ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಸಿಗತೊಡಗಿದ್ದೇ 1990ರ ದಶಕದ ಕೊನೆಯಲ್ಲಿ. ಖಾಸಗಿ ಕೆಲಸದಲ್ಲಿರುವ ತಾಯಿಗೆ 2017ರ ತಿದ್ದುಪಡಿಯ ನಂತರ 26 ವಾರಗಳ ಹೆರಿಗೆ ರಜೆಯ ಹಕ್ಕಿದೆ, ಆಕೆಯ ಗಂಡನಿಗೆ ಅಂಥ ಕಾನೂನೇ ಬಂದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೆಇಬಿಯ ಲೈನ್‌ಮನ್ ಒಬ್ಬ ‘ಮಗು ಹುಟ್ಟಿದೆ, ಬರಲಾರೆ’ ಎಂದು ಸೆಕ್ಷನ್ ಆಫೀಸಿಗೆ ಹೇಳಿ ಮನೆಯಲ್ಲಿ ಉಳಿಯುವುದು ಎಷ್ಟರಮಟ್ಟಿಗೆ ಸಾಧ್ಯವಿತ್ತು ಎಂಬುದನ್ನು ನೀವೇ ಯೋಚಿಸಿ.

ಆದ್ದರಿಂದ ನಿಮ್ಮ ಅಪ್ಪನಲ್ಲಿ ನಿಮ್ಮಂಥದೇ ತಂದೆತನವನ್ನು ಹುಡುಕಬೇಡಿ. ಅವರು ಕೊಟ್ಟದ್ದು ಬೇರೆ ಬಗೆಯದು. ಒದ್ದೆ ಕಂಬ ಹತ್ತಿ, ಮನೆಗೆ ಬಂದು, ಬೆಳಗ್ಗೆ ಮತ್ತೆ ಹೊರಟು, ತಿಂಗಳ ಕೊನೆಗೆ ಸಂಬಳ ತಂದು ಕೊಟ್ಟದ್ದು. ಅದನ್ನು ಅದಿದ್ದ ಹಾಗೆಯೇ ಮೆಚ್ಚಿಕೊಂಡರೆ ಸಾಕು. ಇಲ್ಲದ್ದನ್ನು ಸೇರಿಸಿ ಅವರನ್ನು ದೇವರ ಸ್ಥಾನದಲ್ಲಿ ಕೂರಿಸಿದರೆ ನಿಮ್ಮ ತಪ್ಪಿತಸ್ಥ ಭಾವ ಇನ್ನಷ್ಟು ಬೆಳೆಯುತ್ತದೆಯೇ ಹೊರತು ಅವರು ನಿಮಗೆ ಹತ್ತಿರವಾಗುವುದಿಲ್ಲ.

ಹೊಡೆತದ ವಿಷಯವನ್ನು ನಾನು ಹಗುರಮಾಡಿ ಹೇಳಲಾರೆ. ತೊಡೆಯ ಮೇಲೆ ಗುರುತು ಉಳಿಯುವಂತೆ ಹನ್ನೆರಡು ವರ್ಷದ ಹುಡುಗನಿಗೆ ಬೆಲ್ಟಿನಿಂದ ಹೊಡೆದದ್ದು ತಪ್ಪು. ಆ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು ಎಂಬುದು ನಿಜ, ಶಾಲೆಯಲ್ಲಿ ಮಕ್ಕಳನ್ನು ದಂಡಿಸಬಾರದೆಂದು ದೇಶಕ್ಕೆಲ್ಲ ಅನ್ವಯಿಸುವ ಸ್ಪಷ್ಟ ನಿಯಮ ಬಂದದ್ದೇ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ನಿಮ್ಮ ಅಪ್ಪನಿಗೆ ತಮ್ಮ ಮಗ ಕಂಬ ಹತ್ತಬಾರದು ಎಂಬ ಭಯವಿದ್ದಿರಬಹುದು, ಗಣಿತದ ಅಂಕಗಳು ಆ ಭಯವನ್ನು ಕೆರಳಿಸಿರಬಹುದು. ಇವೆಲ್ಲ ಹೊಡೆತಕ್ಕೆ ಕಾರಣವೇನು ಎಂಬುದನ್ನು ತಿಳಿಸುತ್ತವೆ, ಹೊಡೆತವನ್ನು ಸರಿಯೆನ್ನುವುದಿಲ್ಲ. ‘ಅಪ್ಪ ನಮಗಾಗಿ ಪ್ರಾಣ ಪಣಕ್ಕಿಟ್ಟು ದುಡಿದರು’ ಎಂಬ ಮಾತೂ ‘ಅಪ್ಪ ನನ್ನನ್ನು ಅನ್ಯಾಯವಾಗಿ ಹೊಡೆದರು’ ಎಂಬ ಮಾತೂ ಒಂದೇ ಮನಸ್ಸಿನಲ್ಲಿ ಅಕ್ಕಪಕ್ಕ ಇರಬಲ್ಲವು. ಒಂದನ್ನು ಒಪ್ಪಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಅಳಿಸಲು ಹೊರಟವರೇ ಹೆಚ್ಚು ಬಳಲುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಮರೆಯಬೇಡಿ ಎನ್ನುವುದಕ್ಕೆ ನನ್ನಲ್ಲಿ ಇನ್ನೊಂದು ಬಲವಾದ ಕಾರಣವಿದೆ, ಅದು ನಿಮ್ಮ ಮಗಳು. ಅಮೆರಿಕದ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಮತ್ತು ಅವರ ಸಹೋದ್ಯೋಗಿಗಳು, ಎಳೆಯ ಮಕ್ಕಳಿದ್ದ ಸಂಕಷ್ಟದ ಕುಟುಂಬಗಳೊಂದಿಗೆ ಮಾಡಿದ ಕೆಲಸವನ್ನು ಆಧರಿಸಿ 1975ರಲ್ಲಿ ಒಂದು ಮಹತ್ವದ ಮಾತು ಬರೆದರು. ಬಾಲ್ಯದಲ್ಲಿ ಪೆಟ್ಟು ತಿಂದವರೆಲ್ಲ ಮುಂದೆ ತಮ್ಮ ಮಕ್ಕಳನ್ನು ಹೊಡೆಯುವುದಿಲ್ಲ. ಏನಾಯಿತೆಂಬುದರ ಜೊತೆಗೆ ಆಗ ತಮಗೆ ಎಷ್ಟು ಭಯವಾಯಿತು, ಎಷ್ಟು ಅವಮಾನವಾಯಿತು ಎಂಬ ಅನುಭವವನ್ನೂ ಉಳಿಸಿಕೊಂಡವರು ಅದನ್ನು ಮುಂದಿನ ತಲೆಮಾರಿಗೆ ದಾಟಿಸದೆ ತಡೆಯಬಲ್ಲರು. ಘಟನೆ ನೆನಪಿದ್ದು ನೋವು ಮಾತ್ರ ಮರೆತುಹೋದವರು ಅದನ್ನೇ ಪುನರಾವರ್ತಿಸುವ ಅಪಾಯ ಹೆಚ್ಚು. ‘ನಾವೂ ಏಟು ತಿಂದೇ ಬೆಳೆದದ್ದು, ಏನಾಯ್ತು ಈಗ?’ ಎನ್ನುವ ಮಾತು ನನಗೆ ಆತಂಕ ತರುವುದು ಈ ಕಾರಣಕ್ಕೆ. ಎರಡು ವರ್ಷ ತುಂಬಿದ ಮಗಳು ಬೀದಿಯಲ್ಲಿ ಹಟ ಹಿಡಿದು ಮಲಗಿದ ದಿನ ನಿಮ್ಮ ಕೈಯನ್ನು ತಡೆಯುವುದು ಆ ಏಳನೇ ತರಗತಿಯ ಹುಡುಗನ ನೆನಪೇ.

‘ಅದೆಲ್ಲ ಈಗ್ಯಾಕೆ’ ಎಂಬ ಅಪ್ಪನ ಮಾತನ್ನು ನೀವು ತಿರಸ್ಕಾರವೆಂದು ತಿಳಿದಂತಿದೆ. ನನಗೆ ಹಾಗನ್ನಿಸುವುದಿಲ್ಲ. ಮಗ ಇದ್ದಕ್ಕಿದ್ದಂತೆ ಕ್ಷಮೆ ಕೇಳಿದರೆ ಅವರ ತಲೆಮಾರಿನ ಅನೇಕರಿಗೆ ಮೊದಲು ಆಗುವುದು ಗಾಬರಿ. ಇವನಿಗೆ ಏನೋ ಕಾಯಿಲೆಯೇ, ಕೆಲಸ ಹೋಯಿತೇ, ಗಂಡಹೆಂಡಿರ ನಡುವೆ ಏನಾದರೂ ಆಯಿತೇ ಎಂದು ಆ ರಾತ್ರಿ ಅವರೂ ನಿದ್ದೆ ಮಾಡಿರಲಿಕ್ಕಿಲ್ಲ. ಅಲ್ಲದೆ ಇದಕ್ಕೆ ಏನು ಉತ್ತರ ಕೊಡಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿಲ್ಲ. ಇದರ ಜೊತೆಗೆ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬದುಕಿಗೆ ತೊಡಕಾಗುವಷ್ಟು ಶ್ರವಣ ದೋಷ ಇರುತ್ತದೆ. ಫೋನು ಬಂದ ಕೂಡಲೇ ಹೆಂಡತಿಯ ಕೈಗೆ ಕೊಡುವ ಎಷ್ಟೋ ಹಿರಿಯರು ಮಾತು ಬೇಡವೆಂದು ಕೊಡುವುದಿಲ್ಲ, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಹೇಳಿಕೊಳ್ಳಲಾಗದೆ ಕೊಡುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಕಿವಿ ಪರೀಕ್ಷೆ ಮಾಡಿಸಿ. ಅವರು ಮೊದಲಿಗಿಂತ ಮಂಕಾಗಿದ್ದರೆ, ಊಟ ಕಡಿಮೆಯಾಗಿದ್ದರೆ, ಅದನ್ನೂ ವೈದ್ಯರಿಗೆ ತಿಳಿಸಿ. ಮುಪ್ಪಿನ ಖಿನ್ನತೆಯನ್ನು ‘ಅವರ ಸ್ವಭಾವವೇ ಹಾಗೆ’ ಎಂದು ಬಿಟ್ಟುಬಿಡುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ.

ಹಾಗಾದರೆ ಮನಸ್ಸಿನಲ್ಲಿರುವುದನ್ನು ಹೇಗೆ ತಲುಪಿಸುವುದು? ಹೇಳುವುದಕ್ಕಿಂತ ಕೇಳುವುದು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ. ವಯಸ್ಸಾದವರು ಹಳೆಯದನ್ನು ಮೆಲುಕು ಹಾಕುವುದು ಅರಳುಮರುಳಲ್ಲ, ಬದುಕಿನ ಲೆಕ್ಕವನ್ನು ತಮಗೆ ತಾವೇ ಒಪ್ಪಿಸಿಕೊಳ್ಳುವ ಸಹಜ ಕ್ರಿಯೆ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಕೇಳುವವರು ಒಬ್ಬರಿದ್ದರೆ ಆ ಕ್ರಿಯೆ ಸರಾಗವಾಗುತ್ತದೆ. ಆದರೆ ‘ಅಪ್ಪ, ನಿಮ್ಮ ಕಷ್ಟ ಹೇಳಿ’ ಎಂದರೆ ಯಾವ ಅಪ್ಪನೂ ಬಾಯಿ ಬಿಡುವುದಿಲ್ಲ. ಅವರ ಕೆಲಸದ ಒಳಗಿನಿಂದ ಕೇಳಬೇಕು. ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಕರೆಂಟ್ ನಿಲ್ಲಿಸಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಸಿಗುವ ಮೊದಲೇ ಕಂಬ ಹತ್ತಿದ್ದುಂಟೇ? ಫೋನಿಲ್ಲದ ಹಳ್ಳಿಯಲ್ಲಿ ನಿಂತು, ವಿದ್ಯುತ್ ಸಬ್‌ಸ್ಟೇಷನ್ನಿನವರು ಲೈನ್ ಆಫ್ ಮಾಡಿದ್ದಾರೆಂದು ಹೇಗೆ ಖಾತ್ರಿ ಮಾಡಿಕೊಳ್ಳುತ್ತಿದ್ದಿರಿ? ಕೈಗೆ ಗ್ಲೌಸ್ ಇರುತ್ತಿತ್ತೇ? ನಾನು ಹುಟ್ಟಿದ ಸುದ್ದಿ ತಲುಪಿದಾಗ ಯಾವ ಫೀಡರ್ ಲೈನಿನ ಕೆಲಸದ ಮೇಲಿದ್ದಿರಿ? ಇಂಥ ಪ್ರಶ್ನೆಗೆ ನಿವೃತ್ತ ಲೈನ್‌ಮನ್ ಒಬ್ಬರು ‘ಅದೆಲ್ಲ ಈಗ್ಯಾಕೆ’ ಎನ್ನುವುದು ಕಷ್ಟ. ನನ್ನ ಬಳಿ ಬರುತ್ತಿದ್ದ ಒಬ್ಬರು ತಂದೆಯನ್ನು ‘ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಎಲ್ಲಿಂದ ತಂದಿರಿ?’ ಎಂದಷ್ಟೇ ಕೇಳಿದ್ದರು. ತಂದೆ ಎದ್ದುಹೋಗಿ ಟ್ರಂಕಿನಿಂದ ನೌಕರರ ಸೊಸೈಟಿಯ ಸಾಲದ ಪಾಸ್‌ಬುಕ್ ತಂದು, ಕನ್ನಡಕ ಹಾಕಿಕೊಂಡು, ಪ್ರತಿ ಕಂತಿನ ಮೇಲೆ ಬೆರಳಿಟ್ಟು ಓದಿ ಹೇಳಿದರಂತೆ. ಕೊನೆಯ ಕಂತು ಕಟ್ಟಿದ ಹೊತ್ತಿಗೆ ಮಗನಿಗೆ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು.

ಹೀಗೆ ಕೇಳುವುದರಲ್ಲೂ ಅಪಾಯವಿದೆ. ಶಾಕ್ ಹೊಡೆದು ಸತ್ತ ಸಹೋದ್ಯೋಗಿಯೊಬ್ಬರ ನೆನಪು ಎದ್ದುಬರಬಹುದು. ಅವರು ಮೌನವಾದರೆ ಒತ್ತಾಯಿಸದೆ ಸುಮ್ಮನೆ ಜೊತೆಗಿರಿ, ನಿದ್ದೆ ಕೆಡುವಷ್ಟು ಕಲಕಿದರೆ ಆ ವಿಷಯ ಬಿಟ್ಟುಬಿಡಿ. ‘ನಿಮಗೇನು ಕಷ್ಟ, ಎಲ್ಲ ಸುಖವಾಗಿದೆ’ ಎಂಬ ಹೋಲಿಕೆಯೂ ಬರಬಹುದು, ಅದಕ್ಕೆ ಎದುರುತ್ತರ ಕೊಡಬೇಕಿಲ್ಲ. ಪತ್ರ ಬರೆಯುವುದು ಇನ್ನೊಂದು ದಾರಿ. ಅವರು ಅದನ್ನು ಒಬ್ಬರೇ ನಾಲ್ಕು ಸಲ ಓದಿಕೊಳ್ಳಬಹುದು, ತಕ್ಷಣ ಉತ್ತರಿಸುವ ಮುಜುಗರ ಇರುವುದಿಲ್ಲ. ಆದರೆ ಅದನ್ನು ಅಮ್ಮನೂ ಓದುತ್ತಾರೆ, ಮನೆಗೆ ಬಂದ ನೆಂಟರಿಗೂ ತೋರಿಸಬಹುದು ಎಂಬ ಅರಿವಿನಿಂದ ಬರೆಯಿರಿ. ಕ್ಷಮೆಯ ಮಾತು ಬೇಡ, ನೆನಪಿರುವ ಒಂದೋ ಎರಡೋ ಸಂಗತಿ ಸಾಕು.

ಅವರನ್ನು ಈಗಲೇ ಮೈಸೂರಿಗೆ ಕರೆಸಿ ನೆಲೆಸುವಂತೆ ಮಾಡುವುದನ್ನು ನಾನು ಬೆಂಬಲಿಸುವುದಿಲ್ಲ. ಈ ಯೋಚನೆ ನಿಮ್ಮ ಭಾರ ಇಳಿಸಿಕೊಳ್ಳಲು ಹುಟ್ಟಿದ್ದು, ಅವರ ಅಗತ್ಯದಿಂದ ಹುಟ್ಟಿದ್ದಲ್ಲ. ಸಾಗರದಲ್ಲಿ ಅವರಿಗೆ ಪರಿಚಿತ ಅಂಗಡಿ, ಜೊತೆಗಾರರು, ತಾವೇ ಹಾಕಿಕೊಂಡ ದಿನಚರಿ ಇದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ನಿಮಗಾಗಿ ಕಾಯುತ್ತಾ ಕೂರಬೇಕಾದೀತು. ಹಸುಗೂಸಿನ ತಾಯಿಯಾಗಿರುವ ನಿಮ್ಮ ಪತ್ನಿಯ ಹೆಗಲಿಗೆ ಇನ್ನೊಂದು ಜವಾಬ್ದಾರಿ ಬೀಳುತ್ತದೆ, ಆಕೆಯನ್ನು ಕೇಳದೆ ಈ ನಿರ್ಧಾರ ಮಾಡಲೇಬಾರದು. ಅದರ ಬದಲು ತಂದೆತಾಯಿ ಇಬ್ಬರೂ ಹದಿನೈದು ದಿನ ಬಂದು ಹೋಗುವಂತೆ ಮಾಡಿ, ಮಗುವಿನ ಒಂದು ನಿಶ್ಚಿತ ಕೆಲಸವನ್ನು ಅಪ್ಪನಿಗೆ ಒಪ್ಪಿಸಿ. ಸಂಜೆ ಎತ್ತಿಕೊಂಡು ಹೊರಗೆ ಸುತ್ತಾಡಿಸುವುದು ಸಾಕು. ತಮ್ಮ ಮಕ್ಕಳನ್ನು ಎತ್ತಲು ಸಂಕೋಚಪಟ್ಟವರು ಮೊಮ್ಮಕ್ಕಳ ವಿಷಯದಲ್ಲಿ ಆ ಸಂಕೋಚವನ್ನು ಸಂಪೂರ್ಣ ಬಿಟ್ಟುಬಿಡುವುದನ್ನು ನೋಡುವುದು ನನ್ನ ಕೆಲಸದ ದೊಡ್ಡ ಸಂತೋಷಗಳಲ್ಲಿ ಒಂದು. ಮಗು ಸಾಕುವ ಬಗ್ಗೆ ಅವರ ಸಲಹೆಗಳೂ ಜೊತೆಗೆ ಬರುತ್ತವೆ. ಕಣ್ಣಿಗೆ ಕಾಡಿಗೆ, ಬಾಯಿಗೆ ಜೇನು ಎಂದರೆ ಮಕ್ಕಳ ವೈದ್ಯರು ಬೇಡವೆಂದಿದ್ದಾರೆ ಎಂದು ನೀವೇ ಹೇಳಬೇಕು, ಪತ್ನಿಯ ಬಾಯಲ್ಲಿ ಹೇಳಿಸಬಾರದು.

ಬೆಲ್ಟಿನ ಏಟಿನ ಬಗ್ಗೆ ಅವರೊಂದಿಗೆ ಮಾತನಾಡಲೇಬೇಕೆಂದಿಲ್ಲ. ಮಾತನಾಡಬೇಕೆನಿಸಿದರೆ ಫೋನಿನಲ್ಲಿ ಬೇಡ, ಹಬ್ಬಕ್ಕೆ ಎಲ್ಲರೂ ಸೇರಿದಾಗಲೂ ಬೇಡ. ಇಬ್ಬರೇ ಇರುವಾಗ, ‘ಅವತ್ತು ನನಗೆ ತುಂಬಾ ಭಯವಾಗಿತ್ತು ಅಪ್ಪ’ ಎಂಬಷ್ಟು ಹೇಳಬಹುದು. ಅವರು ‘ನನಗೆ ನೆನಪಿಲ್ಲ’ ಎನ್ನಬಹುದು, ‘ಹೊಡೆದದ್ದಕ್ಕೇ ನೀನು ಬ್ಯಾಂಕಿನಲ್ಲಿರುವುದು’ ಎನ್ನಲೂಬಹುದು. ಆ ಉತ್ತರ ಬಂದರೂ ತಡೆದುಕೊಳ್ಳಬಲ್ಲೆ ಎನಿಸಿದ ದಿನ ಮಾತ್ರ ಈ ಮಾತೆತ್ತಿ. ಅವರ ಒಪ್ಪಿಗೆಯ ಮೇಲೆ ನಿಮ್ಮ ನೆಮ್ಮದಿಯನ್ನು ನಿಲ್ಲಿಸಬೇಡಿ.

ಕೊನೆಯದಾಗಿ ನಿಮ್ಮ ತಮ್ಮ. ಅವರನ್ನು ಒಪ್ಪಿಸಿ ಅಪ್ಪನ ಬಳಿಗೆ ಕರೆದೊಯ್ಯುವ ಕೆಲಸವನ್ನು ದಯವಿಟ್ಟು ಮೈಮೇಲೆ ಹಾಕಿಕೊಳ್ಳಬೇಡಿ. ‘ನಾನು ಮರೆತಿಲ್ಲ, ನನ್ನ ತೊಡೆಯ ಮೇಲೂ ಗುರುತಿದೆ’ ಎಂದು ಅವರಿಗೆ ಹೇಳಿ, ಏಕೆಂದರೆ ಅವರ ಸಿಟ್ಟಿನಲ್ಲಿ ಅರ್ಧ ಪಾಲು ಅಣ್ಣನೂ ಕೈಬಿಟ್ಟನಲ್ಲ ಎಂಬ ನೋವಿರಬಹುದು. ಅವರ ಮಗ ಹಟ ಮಾಡಿದಾಗ ಅವರು ಏನು ಮಾಡುತ್ತಾರೆಂದು ಕೇಳಿ. ಹೊಡೆಯದೆ ಮಗುವನ್ನು ಸಂಭಾಳಿಸುವುದರಲ್ಲಿ ಅವರು ನಿಮಗಿಂತ ಮೂರು ವರ್ಷ ಮುಂದಿದ್ದಾರೆ, ಆ ವಿಷಯದಲ್ಲಿ ನಿಮಗೆ ಕಲಿಸಿಕೊಡಲು ಅವರಷ್ಟು ಹತ್ತಿರದವರು ಬೇರೆ ಇಲ್ಲ.